ಕಂಡಕ್ಟರ್ ಅಯ್ಯಾರ ಪತ್ರಿ

ನಮ್ಮ ಬೆಳಗಾವಿಯ ಖಾಸಬಾಗದ ಓಣಿಯ ಕಂಡಕ್ಟರ್ ಅಯ್ಯಾರಿಗೆ ಕಾಡಿನ ಬಗ್ಗೆ ಏನೇನೂ ಗೊತ್ತಿಲ್ಲ. ನಾನು ಚಾಡಿ ಹೇಳುತ್ತಿಲ್ಲ. ರವಿವಾರ ಬೆಳಿಗ್ಗೆ ಹುಡುಗರ ದಂಡು ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತುವ ಮುಂಚೆ ಅವರೇ ಅದನ್ನು ದೊಡ್ಡ ದನಿಯಲ್ಲಿ ಸಾರುತ್ತಾರೆ. "ನೋಡ್ರಿ, ನನಗೇನೂ ಗೊತ್ತಿಲ್ಲ. ನಿಮಗೂ ಏನೂ ಗೊತ್ತಿಲ್ಲ. ಹೋಗಿ ನೋಡೂಣು." ಇಂಥ ಮನುಷ್ಯನ ಹಿಂದೆ ಮಕ್ಕಳನ್ನು ಕಳಿಸುವ ತಾಯಂದಿರಿಗೆ ತಲೆ ನೆಟ್ಟಗಿದೆಯೇ ಎಂದು ನೀವು ಕೇಳಬಹುದು. ಆ ತಾಯಂದಿರಲ್ಲಿ ನಾನೂ ಒಬ್ಬಳು. ವಾರಕ್ಕೆ ಒಂದು ದಿನವಾದರೂ ನನ್ನ ಮಗಳು ದಾನೇಶ್ವರಿಯ ಬಾಯಿ ಮನೆಯಲ್ಲಿ ಇರುವುದಿಲ್ಲ ಎಂಬುದು ನನ್ನ ಮಟ್ಟಿಗೆ ಸಾಕಷ್ಟು ದೊಡ್ಡ ಕಾರಣ.

ಅಯ್ಯಾರ ಹೆಸರು ಚನ್ನಬಸಯ್ಯ. ಹುಟ್ಟಿನಿಂದ ಜಂಗಮರು, ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್. ಬೆಳಗಾವಿ, ಖಾನಾಪುರ, ಲೋಂಡಾ ಎಂದು ಒಂದೇ ದಾರಿಯಲ್ಲಿ ಸೀಟಿ ಊದಿ ಊದಿ ನಿವೃತ್ತರಾದವರು. ರಜೆ ಇದ್ದ ದಿನ ಹಣೆಗೆ ವಿಭೂತಿ ಎಳೆದುಕೊಂಡು ಭಕ್ತರ ಮನೆಗೆ ಪೂಜೆಗೆ ಹೋಗುತ್ತಿದ್ದರು. ಎರಡೂ ಕೆಲಸಕ್ಕೆ ಅವರಲ್ಲಿ ಇದ್ದದ್ದು ಒಂದೇ ದನಿ. ಮಂಗಳಾರತಿಯ ಹೊತ್ತಿಗೆ "ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಐತಿ" ಎಂದು ಅವರು ಕೂಗಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಭಕ್ತರೂ ಸರಿದಿದ್ದರು.

ಅವರಿಗೆ ಕಾಡಿನ ಹುಚ್ಚು ಹಿಡಿದದ್ದು ನೌಕರಿ ಮುಗಿದ ಮೇಲೆ. ಗುಂಜಿ ದಾಟಿದರೆ ರಸ್ತೆಯ ಎರಡೂ ಬಾಜು ಬರೀ ಮರ. ಅಲ್ಲಿ ಊರಿಲ್ಲ, ಮನೆಯಿಲ್ಲ, ಅಂಗಡಿಯಿಲ್ಲ. ಆದರೂ ದಿನಾ ಯಾರೋ ಒಬ್ಬರು "ಇಲ್ಲೇ ಇಳಸ್ರಿ" ಎಂದು ಅಲ್ಲೇ ಇಳಿದು, ಸಣ್ಣ ಕಾಲುದಾರಿ ಹಿಡಿದು ಮರಗಳ ನಡುವೆ ಮಾಯವಾಗುತ್ತಿದ್ದರು. ಎಲ್ಲಿಗೆ ಹೋಗುತ್ತಾರೆ ಇವರು? ಕೇಳೋಣವೆಂದರೆ ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತಿತ್ತು. ಅಯ್ಯಾರಿಗೆ ನೌಕರಿಯುದ್ದಕ್ಕೂ ಇದೊಂದು ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಸಿಕ್ಕಿಕೊಂಡಿತ್ತು. ನಿವೃತ್ತಿಯ ಹಾರ ಬಾಡುವ ಮುಂಚೆಯೇ ಒಂದು ದಿನ ಪ್ಯಾಸೆಂಜರ್ ಆಗಿ ಬಸ್ಸು ಹತ್ತಿ, "ಇಲ್ಲೇ ಇಳಸ್ರಿ" ಎಂದು ತಾವೂ ಇಳಿದುಬಿಟ್ಟರು.

ಕಾಲುದಾರಿ ಒಂದು ಹಳ್ಳಕ್ಕೆ ಹೋಯಿತು. ಹಳ್ಳದ ಕಲ್ಲಿನ ಮೇಲೆ ಒಂದು ಏಡಿ ಕುಳಿತಿತ್ತು. ಅದರ ಹೊಟ್ಟೆಯ ಕೆಳಗಿನ ಮುಚ್ಚಳ ತೆರೆದು ಸಾಸಿವೆಯಷ್ಟು ಸಣ್ಣ ಮರಿಗಳು ಹೊರಗೆ ಬರುತ್ತಿದ್ದವು. ಬಸ್ಸಿನ ಬಾಗಿಲಿನಿಂದ ಜನ ಇಳಿದ ಹಾಗೆ ಒಂದರ ಹಿಂದೆ ಒಂದು. ಅಯ್ಯಾರು ಜನ ಎಲ್ಲಿಗೆ ಹೋಗುತ್ತಾರೆಂಬುದನ್ನು ಮರೆತು ಮಧ್ಯಾಹ್ನದವರೆಗೂ ಅಲ್ಲೇ ಕುಳಿತು ನೋಡಿದರು. ಮನೆಗೆ ಬಂದು ಹೆಂಡತಿ ಕಾಂತಾ ಅವರಿಗೆ ಹೇಳಿದರೆ, ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಏಡಿ ನೋಡಾಕ ಪಗಾರ ಕೊಡತಾರೇನ್ರಿ?" ಎಂದರು. ಅದಕ್ಕೇ ಮುಂದಿನ ವಾರ ಅಯ್ಯಾರು ಓಣಿಯ ಹುಡುಗರನ್ನು ಕರೆದುಕೊಂಡು ಹೋದರು. ಆಶ್ಚರ್ಯಪಡಲಿಕ್ಕೆ ಅವರಿಗೂ ಜೊತೆ ಬೇಕಿತ್ತು.

ಹುಡುಗರೊಂದಿಗೆ ಅವರ ಪದ್ಧತಿ ಹೀಗೆ. ಯಾವುದಕ್ಕೂ ಇದ್ದ ಹೆಸರು ಅವರಿಗೆ ಗೊತ್ತಿರುವುದಿಲ್ಲವಾದ್ದರಿಂದ ತಾವೇ ಹೆಸರಿಡುತ್ತಾರೆ, ಅದೂ ಹಳೆಯ ಪ್ರಯಾಣಿಕರದ್ದು. ಬಾಲಕ್ಕೆ ಎರಡು ಉದ್ದ ದಾರ ಕಟ್ಟಿಕೊಂಡು ಉಳಿದ ಹಕ್ಕಿಗಳ ದನಿಯನ್ನೆಲ್ಲ ಕದ್ದು ಕೂಗುವ ಕರಿ ಹಕ್ಕಿಗೆ ನಂದಗಡದ ವಕೀಲ ಎಂದು ಹೆಸರು. ಮರದ ತುದಿಯಲ್ಲಿ ಕುಳಿತು ಗಹಗಹಿಸಿ ನಗುವ ದೊಡ್ಡ ಕೊಕ್ಕಿನ ಹಕ್ಕಿಗೆ ಲೋಂಡಾದ ಮಾಮಿ. ಸಾಲಿಯ ವಿಜ್ಞಾನದ ಟೀಚರ್ ಮುಂದೆ ನನ್ನ ಮಗಳು ಇದೇ ಹೆಸರು ಹೇಳಿ ಬೈಸಿಕೊಂಡು ಬಂದಳು. ಅಯ್ಯಾರ ಎರಡನೆಯ ಪದ್ಧತಿ ಎಂದರೆ, ನೋಡದೆ ಯಾರೂ ಏನೂ ಹೇಳಕೂಡದು. "ಟಿಕೀಟ ನೋಡಲಾರದ ಯಾರನ್ನೂ ಕೆಳಗ ಇಳಸಬಾರದು," ಎಂದು ಅದಕ್ಕೊಂದು ಸಮರ್ಥನೆ ಬೇರೆ.

ನನಗೆ ಈ ಸುತ್ತಾಟದ ಮೇಲೆ ಸ್ವಲ್ಪವಾದರೂ ಮರ್ಯಾದೆ ಬಂದದ್ದು ಇರುವೆಗಳಿಂದ. ಕೆಂಪಿರುವೆಗಳು ಎಲೆಗಳನ್ನು ಸೇರಿಸಿ ಗೂಡು ಕಟ್ಟುವುದನ್ನು ಹುಡುಗರು ಕುತ್ತಿಗೆ ನೋಯುವವರೆಗೆ ನೋಡಿದ್ದಾರೆ. ಒಂದಿಷ್ಟು ಇರುವೆಗಳು ಎರಡು ಎಲೆಯ ಅಂಚನ್ನು ಹಿಡಿದೆಳೆದು ನಿಂತಿವೆ. ಇನ್ನೊಂದು ಇರುವೆ ಬಾಯಲ್ಲಿ ಬಿಳಿ ಮರಿಹುಳು ಕಚ್ಚಿಕೊಂಡು ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಮುಟ್ಟಿಸುತ್ತಿದೆ. ಮರಿಯ ಬಾಯಿಂದ ಎಳೆ ಬರುತ್ತಿದೆ. "ಅಜ್ಜಾ, ಅದು ಲಾಳಿ!" ಎಂದು ಕೂಗಿದವಳು ನನ್ನ ಮಗಳು. ನಮ್ಮ ಮನೆಯಲ್ಲಿ ಪಾವರ್‌ಲೂಮ್ ಇದೆ. ಲಾಳಿ ಅತ್ತಿಂದಿತ್ತ ಓಡುವುದನ್ನು ಅವಳು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದಾಳೆ. ಅಯ್ಯಾರು ಅವಳನ್ನು ಹೆಗಲ ಮೇಲೆ ಎತ್ತಿಕೊಂಡು, "ನಾ ಇಷ್ಟೊತ್ತು ನೋಡಿದ್ನಿ, ನನಗ ಕಾಣಲಿಲ್ಲಲ್ಲವಾ," ಎಂದರಂತೆ. ಮನೆಗೆ ಬಂದ ಮಗಳು ಆ ರಾತ್ರಿ ಊಟ ಮಾಡುವಾಗಲೂ ಮಗ್ಗವನ್ನೇ ನೋಡುತ್ತಿದ್ದಳು. ನನಗೆ ಖರೇ ಹೇಳಬೇಕೆಂದರೆ ಸಂತೋಷವಾಯಿತು.

ಇಂಥ ಅಯ್ಯಾರು ಒಂದೇ ಒಂದು ಸಲ "ನನಗ ಗೊತ್ತೈತಿ" ಅಂದರು. ಅದರ ಕಥೆ ಇದು.

ಗುರುಪಾದಪ್ಪ ಎಂದರೆ ಸೀರೆಯ ವ್ಯಾಪಾರಿ. ನಮ್ಮ ಓಣಿಯಲ್ಲೇ ಬೆಳೆದು, ನಮ್ಮ ಮಗ್ಗದ ಸೀರೆ ಮಾರಿಯೇ ಸದಾಶಿವನಗರದಲ್ಲಿ ಬಂಗಲೆ ಕಟ್ಟಿದವರು. ಬಂಗಲೆ ಹೊಸದಾದರೂ ಜನ ಹಳಬರೇ ಆಗಬೇಕು ಎಂಬ ಒಳ್ಳೆಯ ಗುಣ ಅವರದು. ಪೂಜೆಗೆ ಚನ್ನಬಸಯ್ಯನವರು, ಜಮಖಾನಿ ಹಾಸಲಿಕ್ಕೆ ಚಾಂದಸಾಬ. ಚಾಂದಸಾಬರು ನಮ್ಮ ಓಣಿಯ ತುದಿಯಲ್ಲಿ ಪೆಂಡಾಲ್, ಖುರ್ಚಿ, ಜಮಖಾನಿ ಬಾಡಿಗೆ ಕೊಡುವ ಅಂಗಡಿ ಇಟ್ಟವರು. ಅವರ ಮೊಮ್ಮಗಳು ಕೌಸರ ಅಯ್ಯಾರ ರವಿವಾರದ ದಂಡಿನಲ್ಲಿ ಹಿರಿಯಳು.

ಕಾರ್ತಿಕದ ಕಡೆಯ ಸೋಮವಾರ ಗುರುಪಾದಪ್ಪನವರ ಮನೆಯಲ್ಲಿ ದೊಡ್ಡ ಪೂಜೆ. ಪ್ರತಿ ವರ್ಷ ಅಯ್ಯಾರು ಪೇಟೆಯಲ್ಲಿ ಹೂವಿನವರ ಹತ್ತಿರ ಬಿಲ್ವಪತ್ರಿಯ ಕಟ್ಟು ಕೊಂಡು ಹೋಗುತ್ತಿದ್ದರು. ಈ ವರ್ಷ ಅವರಿಗೆ ಜಂಭ ಬಂದಿತ್ತು. ಪ್ರತಿ ವಾರ ಕಾಡಿಗೆ ಹೋಗುವ ಜಂಗಮ ಬಾಡಿದ ಪತ್ರಿ ಕೊಳ್ಳುವುದೇ? ಹಿಂದಿನ ದಿನ ರವಿವಾರ, ಹಳ್ಳದ ದಂಡೆಯಲ್ಲಿ ಮೂರು ಮೂರು ಎಲೆಯ ಹಸಿರು ಪೊದೆ ಕಂಡದ್ದೇ ತಡ, ಕೈಮುಗಿದು ಕುಡುಗೋಲು ತೆಗೆದರು. ಪೊದೆಯ ತುಂಬ ಕಂದು ಬಣ್ಣದ, ಮಖಮಲ್ಲು ಹೊದ್ದಂತೆ ಕಾಣುವ ಕಾಯಿಗಳು ಬೇರೆ ಜೋತಾಡುತ್ತಿದ್ದವು. "ಕಾಯಿ ಸಮೇತ ಪತ್ರಿ, ಶಿವಗ ಮಖಮಲ್ಲಿನ ಅಂಗಿ!" ಎಂದು ಹಿಗ್ಗಿದರು.

ದಾನೇಶ್ವರಿ ಹತ್ತಿರ ಹೋಗಿ ನೋಡಿ, "ಅಜ್ಜಾ, ಪತ್ರಿ ಗಿಡಾ ಇರತದಲ್ಲ? ಇದು ಬಳ್ಳಿ ಐತಿ," ಎಂದಳು.

ಅಯ್ಯಾರು ಹುಟ್ಟಿದಾಗಿನಿಂದ ಪತ್ರಿ ಮುಟ್ಟಿದವರು, ಆದರೆ ಪತ್ರಿಯ ಮರವನ್ನು ಎಂದೂ ತಲೆಯೆತ್ತಿ ನೋಡಿದವರಲ್ಲ. ಅವರಿಗೆ ಪತ್ರಿ ಬೆಳೆಯುವುದು ಹೂವಿನವರ ಬುಟ್ಟಿಯಲ್ಲಿ. ಅಷ್ಟಾದರೂ, "ಸುಮ್ಮನಿರವಾ, ಅಡವಿ ಪತ್ರಿ ಹಿಂಗ ಇರತದ. ನಾ ಜಂಗಮಾ, ನನಗ ಗೊತ್ತೈತಿ," ಎಂದುಬಿಟ್ಟರು. ಬಾಡಬಾರದೆಂದು ಬಳ್ಳಿಯನ್ನು ಹಳ್ಳದಲ್ಲಿ ಅದ್ದಿ, ಒದ್ದೆ ಚೀಲದಲ್ಲಿ ತುಂಬಿಕೊಂಡು ಬಂದರು. ಒದ್ದೆಯಾಗಿದ್ದಷ್ಟು ಹೊತ್ತು ಅದು ಸುಮ್ಮನಿತ್ತು.

ಸೋಮವಾರ ಆ ಮನೆಗೆ ನಾವೂ ಹೋಗಿದ್ದೆವು. ಸೋಫಾಗಳನ್ನೆಲ್ಲ ಆಚೆ ಸರಿಸಿ, ಹಾಲ್ ತುಂಬ ಚಾಂದಸಾಬರ ಪಟ್ಟೆಪಟ್ಟೆ ಜಮಖಾನಿ ಹಾಸಿತ್ತು. ಓಣಿಯ ಜನ, ಸದಾಶಿವನಗರದ ಜನ, ಬೀಗರು, ಎಲ್ಲರೂ ಕುಳಿತಿದ್ದರು. ಗುರುಪಾದಪ್ಪನವರ ಮೊಮ್ಮಗಳು ಪೂನಮ ಒಬ್ಬಳೇ ದೂರದ ಮೂಲೆಯಲ್ಲಿ ಖುರ್ಚಿಯ ಮೇಲೆ. ಧೂಳು ಆಗುವುದಿಲ್ಲ, ಬಿಸಿಲು ಆಗುವುದಿಲ್ಲ, ನೆಲ ಆಗುವುದಿಲ್ಲ ಎಂದು ಆ ಹುಡುಗಿಯನ್ನು ಷೋಕೇಸಿನ ಗೊಂಬೆಯ ಹಾಗೆ ಬೆಳೆಸಿದ್ದರು. ಅಯ್ಯಾರು ಒಣಗಲೆಂದು ಎಲೆಯ ಕಟ್ಟನ್ನು ಫ್ಯಾನಿನ ಕೆಳಗೆ ಹಿಡಿದು ಚೆನ್ನಾಗಿ ಝಾಡಿಸಿದರು. ಆಮೇಲೆ ಎಲ್ಲರ ಕೈಗೂ ಎಲೆ ಹಂಚಿದರು. ಲಿಂಗದ ಮುಂದೆ ಮಖಮಲ್ಲಿನ ಕಾಯಿಗಳನ್ನು ಸಾಲಾಗಿ ಜೋಡಿಸಿದರು. ನೋಡಲು ಚಂದವಿತ್ತು, ಸುಳ್ಳು ಹೇಳಬಾರದು.

ಮೊದಲು ಕೆರೆದುಕೊಂಡವರು ಗುರುಪಾದಪ್ಪನವರ ಅಕ್ಕ ಶಿವಬಸವ್ವ. ದೊಡ್ಡ ಮನೆಯ ಹಿರಿಯ ಹೆಂಗಸು, ಮೊದಲು ಮರ್ಯಾದೆಯಿಂದ ಬಳೆ ಸರಿಮಾಡಿಕೊಂಡಂತೆ ಮಾಡಿ ಮುಂಗೈ ಕೆರೆದರು. ಆಮೇಲೆ ಕುತ್ತಿಗೆ. ಆಮೇಲೆ ಮರ್ಯಾದೆ ಬಿಟ್ಟರು. ಅವರ ಬಾಜು ಕುಳಿತ ನಾನು ನಗು ತಡೆದುಕೊಳ್ಳುತ್ತಿರುವಾಗಲೇ ನನ್ನ ಗಲ್ಲಕ್ಕೆ ಬೆಂಕಿ ಬಿತ್ತು. ನೋಡನೋಡುತ್ತ ಇಡೀ ಹಾಲ್ ಎದ್ದು ಕುಣಿಯತೊಡಗಿತು. ಬೀಗರು ಕಂಬಕ್ಕೆ ಬೆನ್ನು ಉಜ್ಜುತ್ತಿದ್ದಾರೆ, ಗುರುಪಾದಪ್ಪನವರು ರೇಶ್ಮೆ ಅಂಗಿಯೊಳಗೆ ತೀರ್ಥದ ಚಮಚ ಹಾಕಿ ಕೆರೆದುಕೊಳ್ಳುತ್ತಿದ್ದಾರೆ, ಅಯ್ಯಾರು ಒಂದು ಕೈಯಲ್ಲಿ ಗಂಟೆ ಬಾರಿಸುತ್ತ ಇನ್ನೊಂದರಿಂದ ಹೊಟ್ಟೆ ಪರಚುತ್ತಿದ್ದಾರೆ. ಮಂತ್ರ ಮಾತ್ರ ನಿಲ್ಲಿಸಲಿಲ್ಲ.

"ತಗಣಿ! ಜಮಖಾನ್ಯಾಗ ತಗಣಿ ಅದಾವ!" ಎಂದು ಶಿವಬಸವ್ವ ಕಿರುಚಿದರು. ತಿಗಣೆಯ ಹೆಸರು ಕೇಳಿದ್ದೇ ಸಾಕಾಯಿತು. ಕೆಳಗೆ ಕುಳಿತವರಿಗೆಲ್ಲ ಕೆರೆತ, ಖುರ್ಚಿಯ ಮೇಲಿದ್ದ ಪೂನಮಗೆ ಇಲ್ಲ. ಎಲೆ ಮುಟ್ಟಿದರೆ ಇನ್ಫೆಕ್ಷನ್ ಆಗುತ್ತದೆಂದು ಅವಳ ಕೈಗೆ ಎಲೆಯನ್ನೂ ಕೊಟ್ಟಿರಲಿಲ್ಲ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಗುರುಪಾದಪ್ಪನವರು ಜಮಖಾನಿಗಳನ್ನು ಗೇಟಿನ ಹೊರಗೆ ಎಸೆಸಿದರು. ಮುಂದಿನ ತಿಂಗಳು ಕಿರಿಯ ಮಗನ ಮದುವೆಯ ಪೆಂಡಾಲನ್ನು ಚಾಂದಸಾಬರಿಗೆ ಹೇಳಿದ್ದರು, ಅದನ್ನೂ ಬಿಡಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಕೆರೆದುಕೊಳ್ಳುತ್ತಲೇ ಪೇಟೆಯವರಿಗೆಲ್ಲ ಫೋನ್ ಮಾಡಿದರು.

ಜಮಖಾನಿ ವ್ಯಾಪಾರದಲ್ಲಿ ಹರಿದರೆ ಹೊಲಿಯಬಹುದು, ಕಲೆಯಾದರೆ ಒಗೆಯಬಹುದು. ತಗಣಿ ಎಂಬ ಮಾತು ಹತ್ತಿತೆಂದರೆ ಮುಗಿಯಿತು. ವಾರ ಕಳೆಯುವುದರೊಳಗೆ ಚಾಂದಸಾಬರ ಎರಡು ಮೂರು ಕಾರ್ಯಕ್ರಮಗಳು ಕೈಬಿಟ್ಟುಹೋದವು. ಅವರು ಎಲ್ಲ ಜಮಖಾನಿಗಳನ್ನು ಓಣಿಯಲ್ಲಿ ಹರವಿ, ಬಿಸಿಲಿಗೆ ಹಾಕಿ, ಬಡಿಗೆಯಿಂದ ಬಡಿದರು. ಧೂಳು ಬಂತು, ಒಂದು ಹಳೆಯ ಕಡಲೆಕಾಳು ಬಂತು, ತಗಣಿ ಬರಲಿಲ್ಲ. ಪ್ರತಿ ಏಟಿಗೂ ಒಂದೊಂದು ಬೈಗುಳ. ಬೈಗುಳ ತೀರಿದ ಮೇಲೆ ಬಡಿಗೆ ಹಿಡಿದುಕೊಂಡೇ ಅಯ್ಯಾರ ಕಟ್ಟೆಗೆ ಬಂದರು.

"ಅಯ್ಯಾರ, ನೀವ ಅಲ್ಲೇ ಇದ್ರಿ. ಒಂದರ ತಗಣಿ ನಿಮ್ಮ ಕಣ್ಣಿಗೆ ಬಿತ್ತೇನ್ರಿ?"

"ಕಣ್ಣಿಗೆ ಬೀಳಲಿಲ್ಲ ಖರೇ..." ಎಂದು ಅಯ್ಯಾರು ಎಳೆದರು.

"ನೋಡಲಾರದ ಎಲ್ಲಾರೂ ಅಂತಾರಲ್ರಿ! ನಮ್ಮಪ್ಪನ ಕಾಲದಿಂದ ಖಾಸಬಾಗನ್ಯಾಗ ಯಾವ ಮದಿವಿಗೆ ಹಾಸಿಲ್ಲ ನಾವು?" ಎಂದು ಚಾಂದಸಾಬರು ಕಟ್ಟೆಯ ಮೇಲೆ ಕುಸಿದು ಕುಳಿತರು. ಆ ದೊಡ್ಡ ದನಿಯ ಮನುಷ್ಯ ಹಾಗೆ ಸಪ್ಪಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಕೌಸರ ಮಾತ್ರ ಸಪ್ಪಗಾಗುವ ಜಾತಿಯಲ್ಲ. ಆ ರವಿವಾರ ಅವಳು ಬಸ್ ಸ್ಟ್ಯಾಂಡಿಗೆ ಹೋಗುವುದು ಬೇಡವೆಂದಳು. "ಅಜ್ಜಾ, ಈ ವಾರ ಅಡವ್ಯಾಗ ಬ್ಯಾಡ. ನಮ್ಮ ಗೋಡೌನಿನ್ಯಾಗ ನೋಡೂಣು." ಹುಡುಗರೆಲ್ಲ ಚಡ್ಡಿ, ಲಂಗ ಮೇಲೆತ್ತಿಕೊಂಡು ಅದೇ ಪಟ್ಟೆ ಜಮಖಾನಿಯ ಮೇಲೆ ಬರಿಗಾಲಿನಲ್ಲಿ ಕುಳಿತರು, ಹೊರಳಾಡಿದರು, ಕೆಲವರು ನಿದ್ದೆಯನ್ನೂ ಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಹಾಗಾದರೆ ಆ ದಿನ ಎಲ್ಲರಿಗೂ ತಗುಲಿದ ಬೇರೆ ವಸ್ತು ಯಾವುದು? ದಂಡು ಅಯ್ಯಾರ ಮನೆಗೆ ಬಂತು. ಕಾಂತಾ ಅವರ ದೇವರ ಮೂಲೆ ಪ್ರಯೋಗಶಾಲೆಯಾಯಿತು. ವಿಭೂತಿ ಹಚ್ಚಿಕೊಂಡು ನೋಡಿದರು. ಕುಂಕುಮ ಹಚ್ಚಿಕೊಂಡು ನೋಡಿದರು. ಊದಿನಕಡ್ಡಿಯ ಹೊಗೆಯಲ್ಲಿ ಮುಖವಿಟ್ಟು ಕೆಮ್ಮಿದರು. ಪಂಚಾಮೃತವನ್ನು ಮತ್ತೆ ಮತ್ತೆ ಪರೀಕ್ಷಿಸಿ ಪಾತ್ರೆ ಖಾಲಿ ಮಾಡಿದರು.

"ಇನ್ನ ಪತ್ರಿ ಒಂದ ಉಳೀತು," ಎಂದಳು ದಾನೇಶ್ವರಿ. ಪೂಜೆಯಲ್ಲಿ ಮಿಕ್ಕ ಬಳ್ಳಿಯಿದ್ದ ಚೀಲ ಇನ್ನೂ ಗೂಟಕ್ಕೇ ನೇತಾಡುತ್ತಿತ್ತು.

ಅಯ್ಯಾರ ಮುಖ ಇಳಿಯಿತು. "ಪತ್ರಿ ಹೆಂಗ ಇರತದವಾ? ಅದು ಶಿವಂದು," ಎಂದರು.

"ನೋಡಲಾರದ ಹೇಳಬಾರದಂತ ನೀವ ಹೇಳೀರಿ," ಎಂದಳು ಕೌಸರ.

ಅಯ್ಯಾರು ಹುಡುಗರನ್ನು ಹಿಂದೆ ಸರಿಸಿ ಚೀಲದೊಳಗೆ ತಮ್ಮದೇ ಕೈ ಹಾಕಿದರು. ಬಳ್ಳಿ ಈಗ ಒಣಗಿ ಗರಿಗರಿಯಾಗಿತ್ತು. ಕೈ ಹೊರಗೆ ತೆಗೆದು, ಎಲ್ಲರೂ ನೋಡುವಂತೆ ಮುಂದೆ ಚಾಚಿ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಅವರ ಮುಖ ಅರಳುತ್ತಿತ್ತು. ಆಮೇಲೆ, "ಅಯ್ಯಯ್ಯಯ್ಯೋ ಶಿವನ!" ಎಂದು ಅಂಗಳಕ್ಕೆ ಓಡಿದರು. ನೀರು ಸುರಿದುಕೊಂಡರೆ ಇನ್ನಷ್ಟು ಜೋರಾಯಿತು. ಕಡೆಗೆ ಯಾರೋ ಒಂದು ಮುಷ್ಟಿ ವಿಭೂತಿ ಸವರಿದಾಗ ಸ್ವಲ್ಪ ತಣ್ಣಗಾಯಿತು. ಶಿವನ ಸಾಮಾನಿನಲ್ಲಿ ಒಂದು ಕೆರೆಸಿತು, ಇನ್ನೊಂದು ಉಳಿಸಿತು. ಕಾಂತಾ ಬಾಗಿಲಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆದರೆ ಈ ಮನುಷ್ಯನ ತಲೆ ನೋಡಿ. ಕೈ ಉರಿಯುತ್ತಿದ್ದರೂ ಒಂದು ಕಾಯಿಯನ್ನು ಇಕ್ಕಳದಲ್ಲಿ ಹಿಡಿದು, ಕಾಂತಾ ಅವರ ಚಾಳೀಸಿನ ಗಾಜನ್ನು ಭೂತಗನ್ನಡಿ ಮಾಡಿಕೊಂಡು, ಹುಡುಗರ ತಲೆಗೆ ತಲೆ ಕೂಡಿಸಿ ಕುಳಿತರು. ಮಖಮಲ್ಲು ಅಂದುಕೊಂಡದ್ದು ಮಖಮಲ್ಲಲ್ಲ, ಸೂಜಿ. ಬಂಗಾರದ ಬಣ್ಣದ ಸಣ್ಣ ಸಣ್ಣ ಸೂಜಿಗಳು, ಮುಟ್ಟಿದರೆ ಉದುರುತ್ತವೆ. ಫ್ಯಾನಿನ ಗಾಳಿಗೆ ಹಾರಿ ಎಲ್ಲೆಲ್ಲಿ ಹೋದವು ಎಂಬುದು ಈಗ ಅರ್ಥವಾಯಿತು. "ಎಷ್ಟ ಚಂದ ಐತಿ ನೋಡ್ರಲೇ!" ಎಂದು ಅಯ್ಯಾರು ಕೆರೆದುಕೊಳ್ಳುತ್ತಲೇ ಉದ್ಗಾರ ತೆಗೆದರು. ಹುಡುಗರು ಅದಕ್ಕೆ ಕೂಡಲೇ ಗುರುಪಾದಪ್ಪನ ಬಳ್ಳಿ ಎಂದು ಹೆಸರಿಟ್ಟರು, ಅಷ್ಟು ಜನರಲ್ಲಿ ಅವರೇ ಚೆನ್ನಾಗಿ ಕೆರೆದುಕೊಂಡರೆಂದು. ಊರವರು ಅದನ್ನು ನಸುಗುನ್ನಿ ಎನ್ನುತ್ತಾರೆಂದು ನಮಗೆ ತಿಳಿದದ್ದು ಆಮೇಲೆ.

ನಗು ಮುಗಿದ ಮೇಲೆ ಕೌಸರ ಒಂದೇ ಮಾತು ಕೇಳಿದಳು. "ಅಜ್ಜಾ, ಇನ್ನ ಅವರ ಮನಿಗೆ ಹೋಗಿ ಹೇಳತೀರಲ್ಲ?"

ಅಯ್ಯಾರು ಇಕ್ಕಳ ಕೆಳಗಿಟ್ಟರು. ಹೋಗಿ ಹೇಳುವುದು ಸುಲಭವಲ್ಲ. ಗುರುಪಾದಪ್ಪನವರ ಮನೆಯ ಪೂಜೆ ಅವರ ತಂದೆಯ ಕಾಲದಿಂದ ಬಂದದ್ದು. ಜಂಗಮನಿಗೆ ಪತ್ರಿ ಗೊತ್ತಿಲ್ಲ ಎಂದು ಒಂದು ಮನೆಯಲ್ಲಿ ಗೊತ್ತಾದರೆ ಊರಿಗೆಲ್ಲ ಗೊತ್ತಾದ ಹಾಗೆ. ಸುಮ್ಮನಿದ್ದರೆ ಅಯ್ಯಾರ ಮರ್ಯಾದೆ ಉಳಿಯುತ್ತಿತ್ತು, ಚಾಂದಸಾಬರದ್ದು ಹೋಗುತ್ತಿತ್ತು. "ನಾಕ ದಿನ ಕಳೀಲಿ, ಸಾವಕಾಶ ಹೇಳೂಣು," ಎಂದು ಗೊಣಗಿದರು. ಹುಡುಗರು ಅವರ ಮುಖವನ್ನೇ ನೋಡುತ್ತ ನಿಂತರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಯ್ಯಾರು ಎದ್ದು ಅಂಗಿ ಹಾಕಿಕೊಂಡರು, ಇಕ್ಕಳದಿಂದ ಒಂದು ಕಾಯಿ ಎತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದರು. ದಂಡು ಹಿಂದೆ ಹೊರಟಿತು. ಮಗಳ ಬಾಯಿಯ ಮೇಲೆ ಭರವಸೆ ಇಲ್ಲದ್ದಕ್ಕೆ ನಾನೂ ಹೊರಟೆ. ಚಾಂದಸಾಬರು ಬಂದರು, ಆದರೆ ಗೇಟಿನೊಳಗೆ ಕಾಲಿಡಲಿಲ್ಲ.

ಗುರುಪಾದಪ್ಪನವರು ಸೋಫಾದಲ್ಲಿ ಕುಳಿತು ಪೇಪರು ಓದುತ್ತಿದ್ದರು. ಮೈಮೇಲೆ ಇನ್ನೂ ಪರಚಿದ ಗೆರೆಗಳಿದ್ದವು. "ಬರ್ರಿ ಅಯ್ಯಾರ, ಕುಂದರ್ರಿ. ಏನ ದಂಡ ಕಟ್ಟಿಕೊಂಡ ಬಂದೀರಿ?"

ಅಯ್ಯಾರು ಕೂರಲಿಲ್ಲ. "ಅಪ್ಪಾರ, ಜಮಖಾನ್ಯಾಗ ತಗಣಿ ಇರಲಿಲ್ಲರಿ. ಕೆರೆತ ನಾ ತಂದಿದ್ದು. ಪತ್ರಿ ಅಂತ ತಿಳಕೊಂಡು ಯಾವದೋ ಬಳ್ಳಿ ಕೊಯ್ಕೊಂಡ ಬಂದ್ನಿ. ತಪ್ಪ ನಂದು."

ಗುರುಪಾದಪ್ಪನವರು ಪೇಪರು ಮಡಿಚಿ ನಕ್ಕರು. "ನಿಮ್ಮ ಮನಸ ದೊಡ್ಡದರಿ ಅಯ್ಯಾರ. ಓಣಿ ಮನಷ್ಯಾ ಅಂತ ಚಾಂದಸಾಬನ ತಪ್ಪ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಜಂಗಮರಿಗೆ ಪತ್ರಿ ಗೊತ್ತಿರೂದಿಲ್ಲೇನ್ರಿ?"

ನೋಡಿ ಗ್ರಹಚಾರ. ತಪ್ಪು ಒಪ್ಪಿಕೊಂಡ ಮನುಷ್ಯನಿಗೆ ಶರಣನ ಪಟ್ಟ ಕಟ್ಟುತ್ತಿದ್ದಾರೆ. ಹೂಂ ಅಂದು ಕೈಮುಗಿದು ಹೊರಬಂದಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು, ಪುಣ್ಯವೂ ಬರುತ್ತಿತ್ತು. ಅಯ್ಯಾರು ಡಬ್ಬಿಯ ಮುಚ್ಚಳ ತೆಗೆದರು. "ನಂಬಬ್ಯಾಡ್ರಿ. ನೋಡ್ರಿ," ಎಂದರು.

ಒಳಗಿನಿಂದ ಪೂನಮ ಓಡಿಬಂದು ತೋಳು ಚಾಚಿದಳು. "ನನಗ ಹಚ್ಚರಿ ಅಜ್ಜಾ, ನಾ ನೋಡತೀನಿ!" ಅವಳ ದನಿಯಲ್ಲಿ ಇಷ್ಟು ದಿನ ಯಾರೂ ಕೇಳದಿದ್ದ ಹಸಿವಿತ್ತು. ಗುರುಪಾದಪ್ಪನವರು ಗಾಬರಿಯಾಗಿ ಅವಳನ್ನು ಹಿಂದೆ ಎಳೆದು, "ಏ, ಆಕಿಗೆ ಬ್ಯಾಡ! ನನಗ ಹಚ್ಚರಿ," ಎಂದು ತಮ್ಮ ತೋಳನ್ನೇ ಮುಂದಿಟ್ಟರು. ಅಯ್ಯಾರು ಮೊದಲು ತಮ್ಮ ತೋಳಿಗೆ, ಆಮೇಲೆ ಅವರ ತೋಳಿಗೆ ಕಾಯಿ ಮುಟ್ಟಿಸಿದರು. ಇಬ್ಬರು ದೊಡ್ಡ ಮನುಷ್ಯರು ತೋಳಿಗೆ ತೋಳು ಹಚ್ಚಿ, ಬಗ್ಗಿ ನೋಡಿದರು. ಸುತ್ತ ಹುಡುಗರು.

ಆಮೇಲೆ ಗುರುಪಾದಪ್ಪನವರು ಮಾಡಿದ ಸದ್ದನ್ನು ಬರೆಯಲಿಕ್ಕೆ ಬರುವುದಿಲ್ಲ.

"ಈಗ ನೀವು ಜಮಖಾನಿ ಮ್ಯಾಲೆ ಇಲ್ಲರಿ," ಎಂದು ಕೌಸರ ಬಹಳ ಮರ್ಯಾದೆಯಿಂದ ಹೇಳಿದಳು. "ಸೋಫಾದ ಮ್ಯಾಲೆ ಅದೀರಿ."

"ಗುರುಪಾದಪ್ಪನ ಬಳ್ಳಿ ಭಾರೀ ಐತಲ್ಲ!" ಎಂದಳು ನನ್ನ ಮಗಳು. ನಾನು ಅವಳ ಬಾಯಿ ಮುಚ್ಚುವಷ್ಟರಲ್ಲಿ ಹೆಸರಿನ ಇತಿಹಾಸವನ್ನೂ ಹೇಳಿ ಮುಗಿಸಿದ್ದಳು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಾಗಿತ್ತು. ಗುರುಪಾದಪ್ಪನವರು ಬೈಯಲಿಲ್ಲ. ವಿಭೂತಿ ಸವರಿಸಿಕೊಂಡು, ಕೆರೆದುಕೊಳ್ಳುತ್ತಲೇ ಬರಿಗಾಲಿನಲ್ಲಿ ಗೇಟಿನವರೆಗೆ ನಡೆದುಹೋದರು.

"ಚಾಂದಸಾಬ, ನಂದ ತಪ್ಪಾತು. ಮದಿವಿಗೆ ಪೆಂಡಾಲ ನಿಂದ."

"ಪೆಂಡಾಲ ಹಾಕತೀನ್ರಿ," ಎಂದರು ಚಾಂದಸಾಬರು, ಕೈ ಕಟ್ಟಿಕೊಂಡೇ. "ಮೊದಲ ಫೋನ್ ಹಚ್ಚರಿ. ಯಾರ್ಯಾರಿಗೆ ತಗಣಿ ಅಂತ ಹೇಳೀರಿ, ಅವರಿಗೆಲ್ಲಾ ಈಗ ನನ್ನ ಮುಂದ ಹೇಳ್ರಿ."

ಗುರುಪಾದಪ್ಪನವರು ಗೇಟಿನ ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈ ಕೆರೆತದಲ್ಲಿ. ಚಾಂದಸಾಬರು ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಕೇಳಿಸಿಕೊಂಡರು. ಕಡೆಯ ಫೋನ್ ಮುಗಿದ ಮೇಲೆ ಅವರು ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ಗುರುಪಾದಪ್ಪನವರ ತೋಳು ಒರೆಸಿದರು. ಕೌಸರ ಆಗ ಮೊದಲ ಸಲ ಅತ್ತಳು.

ಅಯ್ಯಾರು ಅಷ್ಟು ಹೊತ್ತೂ ಅಪರಾಧಿಯ ಹಾಗೆ ಒಂದು ಬದಿಗೆ ನಿಂತಿದ್ದರು. ಗುರುಪಾದಪ್ಪನವರು ಅವರ ಹತ್ತಿರ ಬಂದರು.

"ಅಯ್ಯಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇನ್ನ ಮ್ಯಾಲೆ ಮನಿ ಪೂಜಿಗೆ ಮಠದ ಈರಯ್ಯನವರಿಗೆ ಹೇಳತೀನಿ. ಅಕ್ಕ ಕೇಳೂದಿಲ್ಲ."

"ಆಗಲಿರಿ," ಎಂದರು ಅಯ್ಯಾರು. ತಂದೆಯ ಕಾಲದ ಮನೆ ಹೋಯಿತು. ಬಗ್ಗಿ ಚಪ್ಪಲಿ ಹುಡುಕತೊಡಗಿದರು.

"ರವಿವಾರ ನಿಮ್ಮ ಬಸ್ಸು ಎಷ್ಟೊತ್ತಿಗೆ ಬಿಡತದರಿ?"

"ಯಾಕ್ರಿ ಅಪ್ಪಾರ?"

"ಈ ಪೂನಮನ್ನ ಕಳಸಬೇಕಂತ."

ಅಯ್ಯಾರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ತಲೆಯೆತ್ತಿದರು. "ನಾಕ ಎಲಿ ತರೂದರಾಗ ನಂಬಿಗಿ ಹೋದ ಮನಷ್ಯಾ ನಾನು. ನಿಮ್ಮ ಕೂಸಿನ್ನ ಹೆಂಗ ಕಳಸ್ತೀರಿ?"

"ದೇವರನ್ನ ಈರಯ್ಯನವರ ಕೈಯಾಗ ಕೊಡತೀನ್ರಿ, ದೇವರಿಗೆ ತಪ್ಪಲಾರದವರು ಬೇಕು," ಎಂದರು ಗುರುಪಾದಪ್ಪನವರು, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು. "ಈಕಿಗೆ, ತಪ್ಪಿದ್ರ ಮನಿಗೆ ಬಂದು ತಪ್ಪಿನಿ ಅಂತ ಹೇಳವರು ಬೇಕು."

ಅಯ್ಯಾರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಕೈಗೆ ಇನ್ನೂ ಆ ಸೂಜಿಗಳು ಅಂಟಿದ್ದವು, ಹಾಗಾಗಿ ಎಲ್ಲರ ಮುಂದೆ ಹಾಗೇ ಅಳುತ್ತ ನಿಂತರು.